ಉಳ್ಳಾಗಡ್ಡಿ ಸಾರಿನ ಅರಮನೆ

ಆ ಹೋಟೆಲಿನ ತಿರುಗುವ ಬಾಗಿಲು ದಾಟಿದ ಕೂಡಲೇ ಎಲ್ಲರೂ ಕೋಟು ಬಿಚ್ಚುತ್ತಾರೆ. ನನ್ನ ಅಕ್ಕ ಮಾತ್ರ ಕೋಟಿನಲ್ಲೇ ನಿಂತು ಕತ್ತೆತ್ತಿ ಚಾವಣಿ ನೋಡುತ್ತಿದ್ದಳು. ಹಿಂದೆ ಬಂದವರು ಬೆನ್ನಿಗೆ ತಾಗಿದರೂ ಸರಿಯುತ್ತಿರಲಿಲ್ಲ. ಚಾವಣಿಯ ತುಂಬ ಹಾಲುಬಣ್ಣದ ಗಾಜು, ಗಾಜಿನಲ್ಲಿ ಹಸಿರು ಬಳ್ಳಿ, ಬಳ್ಳಿಯ ಸಂದಿಯಲ್ಲಿ ನವಿಲುಗಳು. ಎಲ್ಲ ನವಿಲೂ ನೆಟ್ಟಗಿವೆ ಎಂದು ನೋಡಿಕೊಂಡು, "ಹೂಂ, ಅದಾವು" ಎಂದು ತನಗೆ ತಾನೇ ಹೇಳಿಕೊಂಡು, ಆಮೇಲೆ ಗುಂಡಿ ಬಿಚ್ಚುತ್ತಿದ್ದಳು. ಒಳಗೆ ಇಳಕಲ್ ಸೀರೆ ಇರುತ್ತಿತ್ತು. ಅಷ್ಟು ಚಳಿಯಲ್ಲಿ ಆ ಸೀರೆಯ ಮೇಲೆ ಬೂಟು ಹಾಕಿಕೊಂಡು ರೈಲಿನಲ್ಲಿ ಬರುತ್ತಿದ್ದಳು.

ಮ್ಯಾನ್‌ಹಾಟನ್ನಿನ ಆ ಹೋಟೆಲು ನೂರು ವರ್ಷಕ್ಕಿಂತ ಹಳೆಯದು ಎನ್ನುತ್ತಾರೆ. ಅಂಥದಕ್ಕೆ ಬ್ರಾಸರಿ ಎಂದು ಹೆಸರು, ಫ್ರಾನ್ಸಿನವರ ರೂಢಿಯ ಊಟದ ಮನೆ. ಅಕ್ಕನ ಬಾಯಲ್ಲಿ ಅದು "ಅರಮನಿ". ಗೋಡೆಗೆಲ್ಲ ಆಳೆತ್ತರದ ಕನ್ನಡಿ, ಕನ್ನಡಿಯ ಅಂಚಿಗೆ ಕಪ್ಪು ಮರದ ಕೆತ್ತನೆ, ಹಿತ್ತಾಳೆಯ ಕಂಬಿ, ಹೂವಿನ ಮೊಗ್ಗಿನಂತೆ ಬಾಗಿದ ದೀಪ, ಕಾಲ ಕೆಳಗೆ ಚಿಕ್ಕ ಚಿಕ್ಕ ಬಣ್ಣದ ಹರಳಿನ ನೆಲ. ಕನ್ನಡಿಗಳ ನಡುವೆ ಗೋಡೆಯ ಮೇಲೆ ಹೆಂಗಸರ ಚಿತ್ರಗಳಿದ್ದವು. ಒಬ್ಬಳ ಕೈಯಲ್ಲಿ ದ್ರಾಕ್ಷಿ, ಒಬ್ಬಳ ಕೈಯಲ್ಲಿ ಗೋಧಿಯ ತೆನೆ. ಅವು ಋತುಗಳು ಎಂದು ಮೆನುವಿನ ಹಿಂದೆ ಬರೆದಿತ್ತಂತೆ. ಅಕ್ಕ ಅವರಿಗೆ ನಮ್ಮ ಸಂಬಂಧಿಕರ ಹೆಸರಿಟ್ಟಿದ್ದಳು. ಗೋಧಿಯವಳು ನಮ್ಮ ನವಲಗುಂದದ ಸೋದರತ್ತೆ. "ನೋಡ ಆಕಿ ಮಾರಿ, ಯಾರಾರ ಬಂದಾರಂದ್ರ ಹಿಟ್ಟು ಕಡಿಮಿ ಆಗ್ತೈತೆಂಬೋ ಚಿಂತಿ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಆಕೆಯ ಮುಖ ನಿಜಕ್ಕೂ ನಮ್ಮತ್ತೆಯ ಹಾಗೇ ಗಂಟಿಕ್ಕಿಕೊಂಡಿತ್ತು. ಕೂತ ಮೇಲೆ ಅಕ್ಕ ಒಂದು ಮಾತನ್ನು ಪ್ರತಿ ಸಲವೂ ಹೇಳುತ್ತಿದ್ದಳು: "ಇಲ್ಲಿ ಹೊಟ್ಟಿಗಿಂತ ಮದಲ ಕಣ್ಣು ತುಂಬತಾವ ನೋಡು."

ಅಕ್ಕ ತೀರಿಕೊಂಡ ಮೇಲೆ ನಮ್ಮ ಕನ್ನಡ ಕೂಟದವರು ಸಂಚಿಕೆಗೆ ಅವಳ ಬಗ್ಗೆ ಬರೆದುಕೊಡಿ ಎಂದರು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯುವುದು ನನ್ನಿಂದ ಆಗದು ಎಂದೆ. ನೀವೇ ಹತ್ತಿರದವರು, ನಿಮಗೆ ತೋಚಿದ್ದು ಬರೆಯಿರಿ, ತಪ್ಪಿದ್ದರೆ ನಾವು ತಿದ್ದುತ್ತೇವೆ ಎಂದರು. ಅಕ್ಷರದ ತಪ್ಪು ಅವರು ತಿದ್ದಲಿ. ಅಕ್ಕನ ಶ್ರದ್ಧಾಂಜಲಿಯ ದಿನ ಒಬ್ಬರು ಎಲ್ಲರೆದುರು ನನ್ನ ಕೈ ಹಿಡಿದು, ಅಕ್ಕನಿಗೆ ಬಾಯಿಬಿಟ್ಟು ನಿಜ ಹೇಳಿದವಳು ಈ ತಂಗಿಯೊಬ್ಬಳೇ ಎಂದರು. ಆ ಮಾತು ಅಕ್ಕನದು, ಅವಳೇ ಎಲ್ಲರಿಗೂ ಹೇಳಿದ್ದು. ಅದು ನಿಜವಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಧಾರವಾಡದಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ಈ ದೇಶಕ್ಕೆ ಬಂದವಳು. ಬಂದ ಮೊದಲ ಚಳಿಗಾಲದಲ್ಲಿ ಭಾವ ಅವಳಿಗೆ ನ್ಯೂಯಾರ್ಕ್ ತೋರಿಸಲು ಕರೆದುಕೊಂಡು ಹೋದರಂತೆ. ಗಾಳಿಗೆ ಕಿವಿ ಮರಗಟ್ಟಿ, ಎದುರಿಗೆ ಕಂಡ ಬಾಗಿಲಿಗೆ ಇಬ್ಬರೂ ನುಗ್ಗಿದರಂತೆ. ಅದೇ ಆ ಹೋಟೆಲು. ಮೆನುವಿನಲ್ಲಿ ಒಂದು ಪದವೂ ತಿಳಿಯಲಿಲ್ಲ. ನಾವು ಮಾಂಸ ತಿನ್ನುವುದಿಲ್ಲ ಎಂದು ಭಾವ ಹೇಳಿದಾಗ, ಆಗ ಅಲ್ಲಿದ್ದ ಯಾರೋ ಈ ಸೂಪು ತೋರಿಸಿ, ಈರುಳ್ಳಿ, ಬ್ರೆಡ್ಡು, ಚೀಸು ಎಂದರಂತೆ. ಮಣ್ಣಿನ ಬಟ್ಟಲಲ್ಲಿ ಕಂದು ಬಣ್ಣದ ಸಾರು, ಮೇಲೆ ಬ್ರೆಡ್ಡು, ಅದರ ಮೇಲೆ ಸುಟ್ಟು ಉಬ್ಬಿದ ಚೀಸು. ಅಕ್ಕ ಅದಕ್ಕೆ ಅಂದೇ ಉಳ್ಳಾಗಡ್ಡಿ ಸಾರು ಎಂದು ಹೆಸರಿಟ್ಟಳು. ನಮ್ಮ ಕಡೆ ಈರುಳ್ಳಿಗೆ ಹಾಗೇ ಅನ್ನುವುದು.

ಅಂದಿನಿಂದ ಪ್ರತಿ ವರ್ಷ ಮದುವೆಯ ದಿನಕ್ಕೆ ಅಲ್ಲಿ ಊಟ. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೂ ಆ ದಿನ ಅವಳು ತಪ್ಪಿಸಲಿಲ್ಲ. ಒಬ್ಬಳೇ ಹೋಗಿ ಅದೇ ಮೂಲೆಯ ಕೆಂಪು ಚರ್ಮದ ಬೆಂಚಿನಲ್ಲಿ ಕೂತು ಉಂಡು ಬರುತ್ತಿದ್ದಳು. ಎಷ್ಟೋ ವರ್ಷಗಳಿಂದ ಒಬ್ಬರೇ ವಯಸ್ಸಾದ ವೇಟರ್ ಆ ಮೂಲೆ ನೋಡಿಕೊಳ್ಳುತ್ತಿದ್ದರು. ಬಿಳಿ ಏಪ್ರನ್ನು, ಬಿಳಿ ಮೀಸೆ, ಸ್ವಲ್ಪ ಕುಂಟು. ಅಕ್ಕನನ್ನು ಮದಾಮ್ ಎಂದು ಕರೆಯುತ್ತಿದ್ದರು. ನಮ್ಮದು ಲಿಂಗಾಯತರ ಮನೆ. ಅಕ್ಕ ಚಿಕ್ಕಂದಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಬೆಳಿಗ್ಗೆ ಲಿಂಗಪೂಜೆ ಆಗದೆ ನೀರೂ ಮುಟ್ಟುತ್ತಿರಲಿಲ್ಲ. ಊಟಕ್ಕೆ ಮುಂಚೆ ಎಲ್ಲಿದ್ದರೂ ಕಣ್ಣು ಮುಚ್ಚಿ, ಸೆರಗಿನ ಮೇಲಿಂದಲೇ ಎದೆಯ ಲಿಂಗವನ್ನು ಮುಟ್ಟಿಕೊಳ್ಳುತ್ತಿದ್ದಳು. ಆ ವೇಟರ್ ಬಟ್ಟಲು ಹಿಡಿದು, ಅವಳು ಕಣ್ಣು ತೆರೆಯುವ ತನಕ ಕಾದು ನಿಂತು, ಆಮೇಲೆ ಮೇಜಿನ ಮೇಲೆ ಇಡುತ್ತಿದ್ದರು. ಆಮೇಲೆ ಅಕ್ಕ ಚಮಚದ ಬೆನ್ನಿನಿಂದ ಚೀಸಿನ ಮೇಲೆ ಬಡಿದು, ಆ ಸದ್ದಿಗೆ ಕಿವಿ ಕೊಟ್ಟು, ಒಡೆಯುತ್ತಿದ್ದಳು.

ಅವಳ ಕೆಲಸ ಆಸ್ಪತ್ರೆಯಲ್ಲಿ, ಪರೀಕ್ಷೆಗೆ ರಕ್ತ ತೆಗೆಯುವುದು. ಸೂಜಿಗೆ ಹೆದರುವವರನ್ನು ಅವಳ ಹತ್ತಿರವೇ ಕಳಿಸುತ್ತಿದ್ದರು. ನಿಮ್ಮ ಊರು ಯಾವುದು, ನಾಯಿ ಸಾಕಿದ್ದೀರಾ ಎಂದು ಕೇಳುತ್ತಿದ್ದಳು, ಅವರು ನಾಯಿಯ ಹೆಸರು ಹೇಳುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ಮನೆಯಲ್ಲೂ ಹಾಗೇ. ಬೈಯುವುದಿದ್ದರೆ ಮೊದಲು ಚಹಾ ಕೊಡುತ್ತಿದ್ದಳು. ಅವಳು ಚಹಾ ತಂದುಕೊಟ್ಟರೆ ಏನು ತಪ್ಪು ಮಾಡಿದೆ ಎಂದು ನಾನು ಯೋಚಿಸುತ್ತಿದ್ದೆ.

ಊರಲ್ಲಿ ನನ್ನ ಸಂಸಾರ ಮುರಿದಾಗ ಅವಳೇ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ನನ್ನನ್ನು ಕರೆಸಿಕೊಂಡಳು. ನ್ಯೂಯಾರ್ಕಿನ ಪಕ್ಕದ ಊರು ಸೀಕಾಕಸ್‌ನಲ್ಲಿ ಅವಳ ಅಪಾರ್ಟ್‌ಮೆಂಟಿನಲ್ಲೇ ಇದ್ದೆ. ಬಟ್ಟೆ ಅವಳದು, ಫೋನು ಅವಳದು, ಮಾತಾಡುವ ನಾಲ್ಕು ಇಂಗ್ಲಿಷ್ ಮಾತೂ ಅವಳು ಕಲಿಸಿದ್ದು. ಬಂದ ವರ್ಷವೇ ನನ್ನನ್ನೂ ಅರಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಕೈ ತೊಳೆಯಲು ಹೋಗುವಾಗ ಎದುರಿನಿಂದ ಒಬ್ಬ ಹೆಂಗಸು ಬಂದಳು. ದಾರಿ ಬಿಟ್ಟೆ, ಅವಳೂ ಅದೇ ಕಡೆ ಸರಿದಳು. ಸಾರಿ ಎಂದೆ. ಅದು ಕನ್ನಡಿ. ಅಕ್ಕ ನೋಡಿಬಿಟ್ಟಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದು ನಾನೂ ನಕ್ಕೆ.

ಆದರೆ ಅಕ್ಕ ಆ ಕಥೆಯನ್ನು ಬಿಡಲಿಲ್ಲ. ಹಿಲ್ಸ್‌ಬರೋದ ಗೆಳತಿಯ ಗೃಹಪ್ರವೇಶದಲ್ಲಿ ಹೇಳಿದಳು, ದೀಪಾವಳಿಗೆ ಹೇಳಿದಳು, ಫೋನಿನಲ್ಲಿ ಊರಿಗೂ ಹೇಳಿದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು. ಓದಿದವರ ನಡುವೆ ಕೂತು ಆ ನಗೆಯನ್ನು ಕೇಳುವುದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ.

ಆಮೇಲೆ ನನಗೆ ಒಂದು ಕಾಲೇಜಿನ ಊಟದ ಹಾಲ್‌ನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಮಾಂಸ ಮುಟ್ಟುವುದಿಲ್ಲ ಎಂದಿದ್ದಕ್ಕೆ ತರಕಾರಿ ಹೆಚ್ಚಲು ಹಾಕಿದರು. ಒಂದು ದಿನ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿಸಿದರು. ಯಾತಕ್ಕೆ ಎಂದು ಕೇಳಿದರೆ ಆನಿಯನ್ ಸೂಪ್ ಎಂದರು. ನಾನು ಹೆಚ್ಚಿದ ಈರುಳ್ಳಿ ಹುರಿದು ಕೆಂಪಾದ ಮೇಲೆ, ಅಡುಗೆಯವನು ದೊಡ್ಡ ಪಾತ್ರೆಯಿಂದ ಕಂದು ನೀರು ಸುರಿದ. ಆ ಪಾತ್ರೆಯಲ್ಲಿ ಬೆಳಿಗ್ಗೆಯಿಂದ ದನದ ಎಲುಬು ಕುದಿಯುತ್ತಿದ್ದುದನ್ನು ನಾನೇ ನೋಡಿದ್ದೆ. ಅರಮನೆಯ ಆ ಸಾರನ್ನು ಬಂದ ವರ್ಷ ಒಂದು ಸಲ ನಾನೂ ತಿಂದಿದ್ದೆ. ಆದರೆ ನಾನು ಲಿಂಗ ಕಟ್ಟುವುದನ್ನು ಎಂದೋ ಬಿಟ್ಟವಳು. ನನಗೆ ಅಕ್ಕನ ಕೊರಳು ನೆನಪಾಯಿತು.

ಒಂದೊಂದು ಕಡೆ ಒಂದೊಂದು ರೀತಿ ಮಾಡಬಹುದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಲ ಅರಮನೆಗೆ ಹೋದಾಗ, ಅಕ್ಕ ಕೈ ತೊಳೆಯಲು ಎದ್ದ ಮೇಲೆ, ಆ ವೇಟರನ್ನು ಕರೆದು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ. ಹೌದು, ದನದ ಎಲುಬಿನದೇ, ಮೊದಲಿನಿಂದಲೂ ಹಾಗೇ ಎಂದರು. ಆಮೇಲೆ ಅವರ ಮುಖ ಬದಲಾಯಿತು. ಮದಾಮ್‌ಗೆ ಗೊತ್ತಿಲ್ಲವೆ, ನಾನು ಹೇಳಲೆ ಎಂದು ಕೇಳಿದರು.

"ಶೀ ನೋಸ್" ಎಂದೆ ನಾನು.

ಯಾಕೆ ಹಾಗೆಂದೆ? ಅವಳಿಗಿದ್ದ ಒಂದೇ ಸಂತೋಷ ಕೆಡಿಸಬಾರದು ಎಂದು, ಹೀಗೆ ಬರೆದರೆ ಓದುವವರು ನಂಬಬಹುದು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅಕ್ಕನಿಗೆ ಗೊತ್ತಿಲ್ಲದ ಒಂದು ಸಂಗತಿ ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಗೊತ್ತಿತ್ತು. ಅದು ಒಳಗೊಳಗೇ ಹಿತವಾಗಿತ್ತು. ಅಕ್ಕ ವಾಪಸು ಬಂದು ಕೂತು, ಕಣ್ಣು ಮುಚ್ಚಿ ಎದೆ ಮುಟ್ಟಿಕೊಂಡಳು. ವೇಟರ್ ಬಟ್ಟಲು ಹಿಡಿದು ಕಾದರು. ನಾನು ಆಲೂಗಡ್ಡೆ ತಿನ್ನುತ್ತ ನೋಡುತ್ತಿದ್ದೆ. ಮುಂದಿನ ವರ್ಷವೂ ನೋಡಿದೆ. ಅದರ ಮುಂದಿನ ವರ್ಷವೂ ನೋಡಿದೆ. "ನೀನೂ ಒಂದ್ ಬಟ್ಟಲಾ ತಗೋ ಹುಚ್ಚಿ" ಎಂದು ಒತ್ತಾಯ ಮಾಡಿದರೆ, ಚೀಸು ನನಗೆ ಆಗುವುದಿಲ್ಲ ಅಕ್ಕ ಎನ್ನುತ್ತಿದ್ದೆ.

ಅಕ್ಕ ಆ ಸಾರನ್ನು ಮನೆಯಲ್ಲೂ ಮಾಡಲು ನೋಡುತ್ತಿದ್ದಳು. ರವಿವಾರ ಮಧ್ಯಾಹ್ನವೆಲ್ಲ ಒಲೆಯ ಮುಂದೆ ನಿಂತು ಈರುಳ್ಳಿ ಹುರಿಯುತ್ತಿದ್ದಳು. ಬೇಳೆಯ ಕಟ್ಟು ಹಾಕಿದಳು, ಹುಣಸೆ ಹಾಕಿದಳು, ಹುರಿದ ಕಡಲೆಹಿಟ್ಟು ಹಾಕಿದಳು. ರುಚಿ ನೋಡಿ ತಲೆಯಾಡಿಸಿ, "ಏನೋ ಒಂದು ಕಡಿಮಿ ಐತಿ" ಎನ್ನುತ್ತಿದ್ದಳು. ನಾನು ಪಾತ್ರೆ ತೊಳೆಯುತ್ತ ಸುಮ್ಮನಿರುತ್ತಿದ್ದೆ.

ಅಕ್ಕ ಕೆಲಸದಿಂದ ನಿವೃತ್ತಳಾದಾಗ ಮನೆಯಲ್ಲಿ ಊಟಕ್ಕೆ ಕರೆದಳು. ಹಿಲ್ಸ್‌ಬರೋದಿಂದ, ಮಾನ್ಮತ್ ಜಂಕ್ಷನ್‌ನಿಂದ ಗೆಳತಿಯರು ಗಂಡಂದಿರ ಜೊತೆ ಬಂದಿದ್ದರು. ನಾನು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿದ್ದೆ, ಎಣ್ಣೆಗಾಯಿ ಮಾಡಿದ್ದೆ. ಅಕ್ಕ ಒಲೆಯ ಮೇಲೆ ತನ್ನ ಉಳ್ಳಾಗಡ್ಡಿ ಸಾರನ್ನೂ ಇಟ್ಟಿದ್ದಳು. ಎಲ್ಲರೂ ತಟ್ಟೆ ಹಿಡಿದು ಕೂತಾಗ ಅವಳು ಕನ್ನಡಿಯ ಕಥೆ ಶುರುಮಾಡಿದಳು. ನಾನು ಸರಿದದ್ದು, ಕನ್ನಡಿಯವಳೂ ಸರಿದದ್ದು, ಎರಡನ್ನೂ ಎದ್ದು ನಿಂತು ಮಾಡಿ ತೋರಿಸಿದಳು. ಎಲ್ಲರೂ ನಕ್ಕರು. ಒಬ್ಬರು ನನ್ನ ಕಡೆ ತಿರುಗಿ, "ನೀವು ಸಾರಿ ಅಂದಿದ್ದಕ್ಕೆ ಅವಳೇನಂದ್ಲು?" ಎಂದು ಕೇಳಿದರು. ಮತ್ತೆ ನಕ್ಕರು. ಅಕ್ಕ ನಗುತ್ತಲೇ ಸಾರು ಬಡಿಸಲು ಬಂದು, ಎಲ್ಲಾ ಅರಮನೆಯಲ್ಲಿ ಮಾಡಿದ ಹಾಗೇ ಮಾಡಿದ್ದೇನೆ, ಆದರೂ ಏನೋ ಒಂದು ಕಡಿಮೆ, ಏನೆಂದು ತಿಳಿಯುತ್ತಿಲ್ಲ ಎಂದಳು.

"ಕಡಿಮಿ ಇರೋದು ದನದ ಎಲುಬು ಅಕ್ಕಾ" ಎಂದೆ.

ಅಷ್ಟಕ್ಕೇ ನಾನು ನಿಲ್ಲಿಸಲಿಲ್ಲ. ಎಲುಬು ಹೇಗೆ ಕುದಿಸುತ್ತಾರೆ ಎಂದು ವಿವರವಾಗಿ ಹೇಳಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಾನ್ಮತ್ ಜಂಕ್ಷನ್‌ನವರು, "ಅಯ್ಯೋ, ನಾವೂ ಕುಡಿದಿದೀವಲ್ರೀ. ಆನಿಯನ್ ಸೂಪ್ ಅಂದ್ರೆ ವೆಜಿಟೇರಿಯನ್ ತಾನೆ?" ಎಂದು ಗಂಡನ ಕಡೆ ನೋಡಿದರು. ಅಕ್ಕ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. ಆಮೇಲೆ ಎಲ್ಲರಿಗೂ ಮೊಸರನ್ನ ಬಡಿಸಿದಳು, ನನಗೂ ಬಡಿಸಿದಳು. ಅವಳು ಮಾತ್ರ ಉಣ್ಣಲಿಲ್ಲ.

ಬಂದವರೆಲ್ಲ ಹೋದ ಮೇಲೆ ಅವಳು ಚಹಾ ಮಾಡಿ ತಂದುಕೊಟ್ಟಳು. ಈಗ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. "ನಿನಗ ಯಾವಾಗ ಗೊತ್ತಾತು?" ಎಂದಳು.

"ಮೊನ್ನೆ. ಕೆಲಸದಾಗ ನೋಡಿದೆ."

ಅವಳು ನನ್ನ ಕೈಮೇಲೆ ಕೈಯಿಟ್ಟಳು. "ಚಲೋ ಮಾಡಿದಿ. ಹೊಟ್ಟ್ಯಾಗ ಇಟ್ಕೊಳ್ಳಲಿಲ್ಲ ನೀ. ಬ್ಯಾರೆ ಯಾರು ಹೇಳ್ತಿದ್ರು ನನಗ."

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವಳು ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ನಿಂತಿದ್ದಳು. ಹಣೆಯಲ್ಲಿ ವಿಭೂತಿ ಇರಲಿಲ್ಲ. ದೇವರ ಗೂಡಿನಲ್ಲಿ ಲಿಂಗವಿದ್ದ ಬೆಳ್ಳಿ ಕರಡಿಗೆ ಇತ್ತು, ದಾರವನ್ನು ಅದಕ್ಕೇ ಸುತ್ತಿಟ್ಟಿದ್ದಳು. ಇಷ್ಟು ವರ್ಷ ಅದನ್ನು ತಿಂದ ಮೈಮೇಲೆ ಇದನ್ನು ಹೇಗೆ ಇಟ್ಟುಕೊಳ್ಳಲಿ ಎಂದಳು. ನಿಮ್ಮ ಭಾವ ಪುಣ್ಯವಂತರು, ಗೊತ್ತಾಗದೆ ಹೋದರು ಎಂದಳು. ಅಷ್ಟೇ. ಆಮೇಲೆ ಆ ಮಾತನ್ನು ಎತ್ತಲಿಲ್ಲ. ಮದುವೆಯ ದಿನ ಬಂತು, ಹೋಯಿತು. ಅವಳು ಅರಮನೆಗೆ ಹೋಗಲಿಲ್ಲ. ರವಿವಾರ ಈರುಳ್ಳಿ ಹುರಿಯುವ ವಾಸನೆ ಮನೆಯಲ್ಲಿ ಬರಲಿಲ್ಲ. ಸೆರಗು ಸರಿಪಡಿಸಿಕೊಳ್ಳುವಾಗ ಅವಳ ಕೈ ಎದೆಯ ಹತ್ತಿರ ಹೋಗಿ, ಅಲ್ಲಿ ಏನೂ ಸಿಗದೆ, ಹಾಗೇ ಕೆಳಗಿಳಿಯುತ್ತಿತ್ತು. ದಿನಾ ನೋಡಿದೆ. ದಿನಾ ಇವತ್ತು ಹೇಳುತ್ತೇನೆ ಎಂದುಕೊಂಡೆ.

ಆಮೇಲೆ ಅವಳಿಗೆ ಹೊಟ್ಟೆಯ ಕಾಯಿಲೆ ಬಂತು. ಇನ್ನು ಹೆಚ್ಚು ದಿನವಿಲ್ಲ ಎಂದರು ಡಾಕ್ಟರು. ನಾನೇ ಊರಿನ ಮಠದ ಸ್ವಾಮಿಗಳಿಗೆ, ನಮ್ಮ ಅಜ್ಜಾರಿಗೆ, ವಿಡಿಯೋ ಕಾಲ್ ಹಚ್ಚಿಕೊಟ್ಟೆ. ಅಕ್ಕ ಎಲ್ಲ ಹೇಳಿದಳು. ಅಜ್ಜಾರು ಬಹಳ ಹೊತ್ತು ಕೇಳಿಸಿಕೊಂಡು ನಕ್ಕರು. "ತಿಳೀದ ತಿಂದಿದ್ದಕ್ಕ ನಿನಗೇನೂ ದೋಷ ಇಲ್ಲವಾ. ಲಿಂಗ ಕಟ್ಗೋ. ತಿಳಿದು ಸುಮ್ಮಕಿದ್ದವರಿದ್ರ ಅದು ಅವರ ಮ್ಯಾಲ" ಎಂದರು. ಫೋನು ಹಿಡಿದಿದ್ದವಳು ನಾನು.

ಅಕ್ಕನಿಗೆ ಮುಖದಲ್ಲಿ ಗೆಲುವು ಬರುತ್ತದೆ ಎಂದುಕೊಂಡಿದ್ದೆ. ಅವಳು ಎರಡು ದಿನ ಏನೋ ಯೋಚಿಸುತ್ತಲೇ ಇದ್ದಳು. ಮೂರನೆಯ ದಿನ ಅರಮನೆಗೆ ಹೋಗಬೇಕು ಎಂದಳು. ಈ ಸ್ಥಿತಿಯಲ್ಲಿ ಯಾಕೆ ಎಂದು ಕೇಳಿದೆ. "ಆ ಮನಶ್ಯಾ, ಪಾಪ, ಇಷ್ಟು ವರ್ಷ ಕೈಯಾರೆ ತಂದಿಟ್ಟಾನ. ಅವನ ಮ್ಯಾಲ ಇದು ಬರಬಾರದು. ನಾ ಹೇಳಿ ಬರಬೇಕು" ಎಂದಳು.

ಸೀಕಾಕಸ್‌ನಿಂದ ರೈಲಿನಲ್ಲಿ ಒಂದೇ ಸ್ಟಾಪು, ಆದರೆ ಅವಳಿಗೆ ಮೆಟ್ಟಿಲು ಆಗುತ್ತಿರಲಿಲ್ಲ. ಕಾರು ಕರೆಸಿಕೊಂಡು ಹೋದೆವು. ಕೋಟು ಅವಳ ಮೈಮೇಲೆ ಜೋತಾಡುತ್ತಿತ್ತು. ಬಾಗಿಲು ದಾಟಿ ನಿಂತು ಕತ್ತೆತ್ತಲು ಹೋದಳು, ಆಗಲಿಲ್ಲ. ನಾನು ಬೆನ್ನಿಗೆ ಕೈಕೊಟ್ಟೆ. ನೋಡಿದಳು. ಅದೇ ಮೂಲೆಯಲ್ಲಿ ಕೂತೆವು. ಮಧ್ಯಾಹ್ನ, ಜನ ಕಡಿಮೆ. ವೇಟರ್ ಅವಳನ್ನು ಕಂಡು ಕುಂಟುತ್ತ ಬೇಗ ಬೇಗ ಬಂದರು, ಕೇಳದೆಯೇ ಸೂಪು ತರಲು ಹೊರಟರು. ಅಕ್ಕ ಬೇಡ ಎಂದು ಕೈ ಆಡಿಸಿ, ಬ್ರೆಡ್ಡು, ಬೆಣ್ಣೆ, ಕಾಫಿ ಹೇಳಿದಳು. ಅವರು ತಂದಿಟ್ಟ ಮೇಲೆ ಒಂದು ನಿಮಿಷ ನಿಲ್ಲಿ ಎಂದಳು. ಆಸ್ಪತ್ರೆಯಲ್ಲಿ ಹೆದರಿದವರೊಂದಿಗೆ ಮಾತಾಡುತ್ತಿದ್ದಳಲ್ಲ, ಆ ದನಿಯಲ್ಲಿ ಅವರ ಮನೆಯವರ ಬಗ್ಗೆ ಕೇಳಿದಳು, ಮಂಡಿನೋವು ಹೇಗಿದೆ ಎಂದು ಕೇಳಿದಳು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ನಾನು ದನದ ಮಾಂಸ ತಿನ್ನುವವಳಲ್ಲ, ಆ ಸೂಪಿನಲ್ಲಿ ಅದು ಇದೆಯೆಂದು ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿಲ್ಲವೆಂದು ನಿಮಗೂ ಗೊತ್ತಿರಲಿಲ್ಲ. ನಿಮ್ಮದು ಏನೂ ತಪ್ಪಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು, ಅದನ್ನು ಹೇಳಲು ಬಂದೆ. ಆಮೇಲೆ ನನ್ನ ತೋಳು ಹಿಡಿದು, ನನ್ನ ತಂಗಿಗೆ ಗೊತ್ತಾಯಿತು, ಗೊತ್ತಾದ ಕೂಡಲೇ ನನಗೆ ಹೇಳಿದಳು ಎಂದಳು.

ವೇಟರ್ ನನ್ನನ್ನು ನೋಡಿದರು.

ಕನ್ನಡಿಗಳಲ್ಲೆಲ್ಲ ನಾನಿದ್ದೆ. ಎಲ್ಲಿ ನೋಡಲೂ ಜಾಗವಿರಲಿಲ್ಲ. ಅವರು ಬಾಯಿ ಬಿಟ್ಟರೆ ಮುಗಿಯಿತು ಎಂದುಕೊಂಡೆ. ಬಿಡಲಿ ಎಂದೂ ಅಂದುಕೊಂಡೆ, ದೇವರಾಣೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಮತ್ತೆ ಬಿಚ್ಚಿ ಮಡಚಿದರು. ಆಮೇಲೆ ಅಕ್ಕನ ಕಡೆ ಬಾಗಿ, "ನಾನು ಕೇಳಬೇಕಿತ್ತು ಮದಾಮ್, ನಿಮ್ಮನ್ನೇ ಕೇಳಬೇಕಿತ್ತು. ಕ್ಷಮಿಸಿ" ಎಂದರು. ತಪ್ಪನ್ನು ತಾವೇ ಹೊತ್ತುಕೊಂಡು ಹೋದರು. ಅಕ್ಕ ಕಣ್ಣೊರೆಸಿಕೊಂಡು, ಎಂಥ ಒಳ್ಳೆಯ ಮನುಷ್ಯ ನೋಡು ಎಂದಳು. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಮೊದಲ ತುಂಡು ನನಗೆ ಕೊಟ್ಟಳು. ತಿಂದೆ.

ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿಸು ಎಂದಳು. ಮಾಡಿಸಿ, ಒಗೆದ ಸೀರೆ ಉಡಿಸಿ, ಮಂಚದ ಮೇಲೆ ದಿಂಬಿಗೆ ಒರಗಿಸಿದೆ. ಕರಡಿಗೆ ತಾ ಎಂದಳು. ತಂದುಕೊಟ್ಟರೆ ತಾನು ಕಟ್ಟಿಕೊಳ್ಳಲಿಲ್ಲ. "ನೀನ ಕಟ್ಟು" ಎಂದಳು. ನಾನು ಸ್ನಾನ ಮಾಡಿಲ್ಲ ಅಕ್ಕ, ನನ್ನ ಕೈ ಬೇಡ ಎಂದೆ. "ಜಳಕಾ ಮಾಡಿ ಬಾ ಹಂಗಾರ. ನನಗ ಖರೇ ಹೇಳಿದ ಕೈ ಅದು, ಅದ ಕಟ್ಟಲಿ."

ಸ್ನಾನಕ್ಕೆ ಹೋಗಿ ನೀರು ಬಿಟ್ಟುಕೊಂಡು ನಿಂತು, ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ವರ್ಷಗಟ್ಟಲೆ ಗೊತ್ತಿತ್ತು ಅಕ್ಕ. ಅವರು ಹೇಳುತ್ತೇನೆಂದರು, ನಾನು ತಡೆದೆ. ಇಷ್ಟೇ ಮಾತು. ಒದ್ದೆ ಕೂದಲಲ್ಲೇ ಬಂದು ಅವಳ ಬೆನ್ನ ಹಿಂದೆ ಮಂಡಿಯೂರಿ ಕೂತೆ. ದಾರವನ್ನು ಕೊರಳ ಸುತ್ತ ತಂದೆ. ಅವಳ ಕೊರಳು ಅಷ್ಟು ಸಣ್ಣಗಾಗಿದೆಯೆಂದು ಆಗಲೇ ತಿಳಿದದ್ದು. ಅಕ್ಕಾ ಎಂದೆ. "ಕೂದಲಾ ಸಿಕ್ಕೈತಿ, ಮೆಲ್ಲಕ" ಎಂದಳು. ಕೂದಲು ಬಿಡಿಸಿದೆ. ಗಂಟು ಹಾಕಿದೆ. ಕರಡಿಗೆ ಎದೆಯ ಮೇಲೆ ಕೂತಿತು, ಅವಳ ಕೈ ಹೋಗಿ ಅದನ್ನು ಮುಟ್ಟಿತು. ಎಷ್ಟೋ ದಿನಗಳ ಮೇಲೆ ಆ ಕೈಗೆ ಅಲ್ಲಿ ಏನೋ ಸಿಕ್ಕಿತು. ಕಣ್ಣು ಮುಚ್ಚಿದಳು.

ಈಗ ಹೇಳಿದರೆ ಗಂಟು ಬಿಚ್ಚೆನ್ನುತ್ತಾಳೆ ಎಂದುಕೊಂಡೆ. ಅವಳು ಹಾಗೆನ್ನುತ್ತಿದ್ದಳೋ ಇಲ್ಲವೋ ನನಗೆ ತಿಳಿಯದು. ಸುಮ್ಮನಿರಲು ಒಂದು ನೆಪ ಬೇಕಿತ್ತು, ಅದು ಸಿಕ್ಕಿತು.

ಎದುರಿಗೆ ಬಂದು ಕೂತೆ. ಅಕ್ಕ ಕಣ್ಣು ತೆರೆದು, ನನ್ನ ತಲೆಯ ಮೇಲೆ ಕೈಯಿಡಲು ತೋಳು ಎತ್ತಿದಳು. ಶಕ್ತಿ ಇರಲಿಲ್ಲ, ತೋಳು ಅರ್ಧದಲ್ಲೇ ನಿಂತಿತು. ಆ ಆಶೀರ್ವಾದ ನನಗೆ ಸಲ್ಲುವುದಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ, ಅವಳ ಕೈಗೆ ಎಟುಕುವ ಹಾಗೆ ನಾನೇ ತಲೆ ತಗ್ಗಿಸಿದೆ.